‘ಕೆ’ ಅಂದರೆ ಕೆಜಿಯೇ? ಹಾಲು ಒಕ್ಕೂಟವೊಂದರ ವರದಿಯಲ್ಲಿ ಅಕ್ಷದ ಲೇಬಲ್‌ಗಳು ಕೊಟ್ಟ ಪೆಟ್ಟು

ಇದು ಕರ್ನಾಟಕದ ಒಂದು ಜಿಲ್ಲಾ ಹಾಲು ಒಕ್ಕೂಟದ ಪ್ರಕರಣ. ಗುರುತು ಸಿಗಬಾರದೆಂದು ಊರುಗಳ ಹೆಸರು ಮತ್ತು ಅಂಕಿಗಳನ್ನು ಬದಲಿಸಲಾಗಿದೆ. ಯಾವ ತಪ್ಪು ಎಲ್ಲಿ ಆಯಿತು, ಅದನ್ನು ಹೇಗೆ ಹಿಡಿದರು ಎಂಬ ಕ್ರಮ ಮಾತ್ರ ನಡೆದದ್ದು ನಡೆದ ಹಾಗೆಯೇ ಇದೆ.

ಹಿನ್ನೆಲೆ

ಒಕ್ಕೂಟದಡಿ ಆರುನೂರಕ್ಕೂ ಹೆಚ್ಚು ಹಳ್ಳಿ ಸಂಘಗಳಿವೆ. ದಿನಕ್ಕೆ ಸರಾಸರಿ ಎಂಟೂವರೆ ಲಕ್ಷ ಕೆಜಿ ಹಾಲು ಬರುತ್ತದೆ. ತಿಂಗಳಿಗೆ ಲೆಕ್ಕ ಹಾಕಿದರೆ ಎರಡೂವರೆ ಕೋಟಿ ಕೆಜಿ ದಾಟುತ್ತದೆ. ಎಂಐಎಸ್ (ಮಾಹಿತಿ ನಿರ್ವಹಣೆ) ವಿಭಾಗದ ಇಬ್ಬರು ಸಿಬ್ಬಂದಿ ವರ್ಷಗಳಿಂದ ಎಕ್ಸೆಲ್‌ನಲ್ಲಿ ಮಾಡುತ್ತಿದ್ದ ತಿಂಗಳ ತಖ್ತೆಯನ್ನು ಚಾರ್ಟು, ವರದಿ ಮಾಡುವ ತಂತ್ರಾಂಶವಾದ ಪವರ್ ಬಿಐಗೆ ತಂದರು. ವರದಿಗೆ ಮೂರು ಪುಟ: ತಿಂಗಳವಾರು ಶೇಖರಣೆ, ಹೆಚ್ಚು ಹಾಲು ಹಾಕುವ 15 ಸಂಘಗಳು, ತಾಲ್ಲೂಕುವಾರು ಫ್ಯಾಟ್ (ಹಾಲಿನ ಕೊಬ್ಬಿನಂಶ).

ಓದುಗರು ಯಾರು ಎಂಬುದು ಇಲ್ಲಿ ಮುಖ್ಯ. ಆಡಳಿತ ಮಂಡಳಿಯ ನಿರ್ದೇಶಕರಲ್ಲಿ ಹೆಚ್ಚಿನವರು ಹಾಲು ಹಾಕುವ ರೈತರೇ. ಸಭೆಗೆ ವರದಿ ಬರುವುದು ಎ4 ಹಾಳೆಯಲ್ಲಿ, ಕಪ್ಪು ಬಿಳುಪಿನಲ್ಲಿ. ಮೌಸ್ ಇಟ್ಟರೆ ಪೂರ್ತಿ ಸಂಖ್ಯೆ ಕಾಣುತ್ತದೆ ಎಂಬ ಸಮಾಧಾನ ಹಾಳೆಯ ಮೇಲೆ ಇರುವುದಿಲ್ಲ. ಅಕ್ಷದ ಮೇಲೆ ಏನು ಬರೆದಿದೆಯೋ ಅಷ್ಟೇ ಓದುಗರಿಗೆ ಸಿಗುವುದು.

ಮೊದಲ ಸಭೆಯಲ್ಲಿ ಎದ್ದ ಮೂರು ಮಾತು

ತಾಲ್ಲೂಕುವಾರು ಶೇಖರಣೆಯ ಚಾರ್ಟಿನ ಲಂಬ ಅಕ್ಷದಲ್ಲಿ 0ಕೆ, 50ಕೆ, 100ಕೆ ಎಂದಿತ್ತು. ಒಬ್ಬ ನಿರ್ದೇಶಕರು ಕೇಳಿದರು: ‘ಏನ್ ಸ್ವಾಮಿ, ತಾಲ್ಲೂಕೆಲ್ಲಾ ಸೇರಿ ನೂರೇ ಕೆಜಿನಾ?’ ಸಾವಿರವನ್ನು ಸೂಚಿಸುವ ‘ಕೆ’ ಡೈರಿಯಲ್ಲಿ ಕೆಜಿ ಎಂದೇ ಓದಿಸಿಕೊಂಡಿತು. ತಪ್ಪು ಓದಿದವರದ್ದಲ್ಲ. ಅಕ್ಷದ ಶೀರ್ಷಿಕೆಯಲ್ಲಿ ‘ಸಮ್ ಆಫ್ ಕ್ಯೂಟಿವೈ’ (ಪ್ರಮಾಣದ ಮೊತ್ತ) ಎಂದಷ್ಟೇ ಇತ್ತು, ಅಳತೆ ಯಾವುದೆಂದು ಎಲ್ಲಿಯೂ ಇರಲಿಲ್ಲ. ಪಕ್ಕದ ತಿಂಗಳವಾರು ಚಾರ್ಟಿನಲ್ಲಿ 10ಎಂ, 20ಎಂ ಎಂದಿತ್ತು. ಅದನ್ನು ನೋಡಿಕೊಂಡು ಟಿಪ್ಪಣಿ ಬರೆದುಕೊಂಡ ಅಧಿಕಾರಿಯೊಬ್ಬರು 20 ಲಕ್ಷ ಎಂದು ಬರೆದಿದ್ದರು. ಒಂದು ಮಿಲಿಯನ್ ಅಂದರೆ 10 ಲಕ್ಷ, ಹಾಗಾಗಿ 20ಎಂ ಅಂದರೆ 2 ಕೋಟಿ. ಹತ್ತು ಪಟ್ಟು ವ್ಯತ್ಯಾಸ ನಡವಳಿ ಪುಸ್ತಕಕ್ಕೆ ಹೋಗುವ ಮುನ್ನ ಸಿಕ್ಕಿಬಿದ್ದದ್ದು ಅದೃಷ್ಟ.

ಎರಡನೇ ಮಾತು ಇನ್ನೂ ಗಂಭೀರ. ತಿಂಗಳವಾರು ಚಾರ್ಟಿನಲ್ಲಿ ಕಂಬಗಳು ಎಡದಿಂದ ಬಲಕ್ಕೆ ಮೆಟ್ಟಿಲಿನಂತೆ ಇಳಿದಿದ್ದವು. ‘ಹಾಲು ಇಳೀತಾನೇ ಇದೆಯಲ್ಲ’ ಎಂದು ಚರ್ಚೆ ಶುರುವಾಗಿ ಹತ್ತು ನಿಮಿಷ ನಡೆಯಿತು. ಆಮೇಲೆ ಒಬ್ಬರು ಕೆಳಗಿನ ತಿಂಗಳ ಹೆಸರುಗಳನ್ನು ಓದಿದಾಗ ವಿಷಯ ಗೊತ್ತಾಯಿತು. ಕಂಬಗಳು ಕಾಲಕ್ರಮದಲ್ಲಿ ನಿಂತಿರಲಿಲ್ಲ, ಹೆಚ್ಚಿನದು ಮೊದಲು ಎಂಬ ಕ್ರಮದಲ್ಲಿ ನಿಂತಿದ್ದವು. ತಿಂಗಳ ಹೆಸರು ಪಠ್ಯದ ಕಾಲಮ್ ಆಗಿದ್ದರೆ ಪವರ್ ಬಿಐ ಕಂಬ ಚಾರ್ಟನ್ನು ಸಾಮಾನ್ಯವಾಗಿ ಮೌಲ್ಯದ ಇಳಿಕೆ ಕ್ರಮದಲ್ಲೇ ಜೋಡಿಸುತ್ತದೆ.

ಮೂರನೆಯದು ಸಂಘಗಳ ಹೆಸರು. ಎಲ್ಲ ಹೆಸರೂ ‘ಹಾಲು ಉತ್ಪಾದಕರ ಸಹಕಾರ ಸಂಘ ನಿಯಮಿತ’ ಎಂದೇ ಮುಗಿಯುತ್ತವೆ. ಅಕ್ಷದಲ್ಲಿ ಅಷ್ಟು ಜಾಗವಿಲ್ಲ. ಹೆಸರುಗಳು ಓರೆಯಾಗಿ ನಿಂತು, ಅರ್ಧಕ್ಕೆ ತುಂಡಾಗಿ, ಕೊನೆಯಲ್ಲಿ ಮೂರು ಚುಕ್ಕಿ ಹೊತ್ತಿದ್ದವು.

ಫಾರ್ಮ್ಯಾಟ್ ಪೇನ್‌ನಲ್ಲಿ ಕಳೆದ ಎರಡು ವಾರ

ಲೇಬಲ್ ಸರಿಯಿಲ್ಲ ಎಂದೊಡನೆ ಎಲ್ಲರ ಕೈಯೂ ಮೊದಲು ಚಾರ್ಟಿನ ಹೊರರೂಪ ಬದಲಿಸುವ ಫಾರ್ಮ್ಯಾಟ್ ಪೇನ್‌ಗೆ ಹೋಗುತ್ತದೆ. ಇಲ್ಲಿಯೂ ಹಾಗೆಯೇ ಆಯಿತು. ಅಕ್ಷರವನ್ನು 8 ಪಾಯಿಂಟಿಗೆ ಇಳಿಸಿದರು. ಪರದೆಯಲ್ಲಿ ಓದಲು ಬಂತು, ಹಾಳೆಯಲ್ಲಿ ಒತ್ತಕ್ಷರಗಳು ಮಸಿಯ ಚುಕ್ಕಿಗಳಾದವು. ಇಂಗ್ಲಿಷ್ ಅಕ್ಷರ ತಡೆದುಕೊಳ್ಳುವ ಗಾತ್ರವನ್ನು ಕನ್ನಡ ತಡೆದುಕೊಳ್ಳುವುದಿಲ್ಲ, ಏಕೆಂದರೆ ‘ಷ್ಟ್ರ’ದಂಥ ಅಕ್ಷರಕ್ಕೆ ಒಂದೇ ಸಾಲಿನಲ್ಲಿ ಎರಡು ಮೂರು ಅಂತಸ್ತು ಬೇಕು. ಬೇರೆ ಬೇರೆ ಫಾಂಟ್ ಆರಿಸಿ ನೋಡಿದರೂ ಫಲವಾಗಲಿಲ್ಲ. ಪಟ್ಟಿಯಲ್ಲಿದ್ದ ಇಂಗ್ಲಿಷ್ ಫಾಂಟುಗಳಲ್ಲಿ ಕನ್ನಡದ ಅಕ್ಷರಗಳೇ ಇಲ್ಲದ್ದರಿಂದ ವಿಂಡೋಸ್ ತನ್ನ ಕನ್ನಡ ಫಾಂಟನ್ನೇ ಹಾಕಿ ತೋರಿಸುತ್ತಿತ್ತು.

ಎಕ್ಸ್-ಆಕ್ಸಿಸ್ ಭಾಗದ ‘ಮ್ಯಾಕ್ಸಿಮಮ್ ಹೈಟ್’ ಅನ್ನು 25ರಿಂದ 50 ಪ್ರತಿಶತಕ್ಕೆ ಏರಿಸಿದರು. ಹೆಸರುಗಳು ಪೂರ್ತಿ ಕಂಡವು, ಕಂಬಗಳು ಕುಬ್ಜವಾದವು. ಈ ಹಂತದಲ್ಲಿ ಒಂದು ಒಳ್ಳೆಯ ನಿರ್ಧಾರ ಆಯಿತು: ನಿಂತ ಕಂಬಗಳನ್ನು ಬಿಟ್ಟು ಅಡ್ಡ ಪಟ್ಟಿಯ ಚಾರ್ಟಿಗೆ ಹೋದರು. ಉದ್ದ ಹೆಸರುಗಳಿಗೆ ಅದೇ ಸರಿ, ಹೆಸರು ಮಲಗಿರುವುದರಿಂದ ಕತ್ತು ಓರೆ ಮಾಡದೆ ಓದಬಹುದು. ಅಲ್ಲಿ ಹೆಸರಿನ ಜಾಗವನ್ನು ವೈ-ಆಕ್ಸಿಸ್‌ನ ‘ಮ್ಯಾಕ್ಸಿಮಮ್ ವಿಡ್ತ್’ ನಿಯಂತ್ರಿಸುತ್ತದೆ. 35 ಪ್ರತಿಶತ ಕೊಟ್ಟರೂ ‘ನಿಯಮಿತ’ದವರೆಗೆ ತಲುಪಲಿಲ್ಲ.

ಸಂಖ್ಯೆಗಳ ಕಥೆ ಬೇರೆ. ‘ಡಿಸ್‌ಪ್ಲೇ ಯೂನಿಟ್ಸ್’ ಪಟ್ಟಿಯಲ್ಲಿ ಸಾವಿರ, ಮಿಲಿಯನ್, ಬಿಲಿಯನ್, ಟ್ರಿಲಿಯನ್ ಸಿಕ್ಕವು. ಲಕ್ಷ, ಕೋಟಿ ಸಿಗಲಿಲ್ಲ. ಮೂರು ದಾರಿ ಹಿಡಿದು ನೋಡಿದರು.

ಮೊದಲನೆಯದು ಮೆಷರ್ (ಚಾರ್ಟಿನ ಅಂಕಿಯನ್ನು ಲೆಕ್ಕ ಹಾಕುವ ಸೂತ್ರ) ಒಳಗೇ ‘ಫಾರ್ಮ್ಯಾಟ್’ ಫಂಕ್ಷನ್ ಬಳಸಿ ‘8.5 ಲಕ್ಷ’ ಎಂದು ಬರೆಸುವುದು. ಕಂಬಗಳೇ ಮಾಯವಾದವು. ಆ ಫಂಕ್ಷನ್ ಕೊಡುವುದು ಸಂಖ್ಯೆಯಲ್ಲ, ಪಠ್ಯ. ಪಠ್ಯಕ್ಕೆ ಎತ್ತರವಿಲ್ಲ, ಹಾಗಾಗಿ ಕಂಬವೂ ಇಲ್ಲ. ಕಾರ್ಡ್‌ನಲ್ಲಿ ಒಂದೇ ಅಂಕಿ ತೋರಿಸಲು ಈ ಫಂಕ್ಷನ್ ಸಾಕು, ಅಕ್ಷಕ್ಕೆ ಕೆಲಸಕ್ಕೆ ಬಾರದು.

ಎರಡನೆಯದು ಕಸ್ಟಮ್ ಫಾರ್ಮ್ಯಾಟ್. ನಮ್ಮ ಪದ್ಧತಿಯಂತೆ ಕೊನೆಗೆ ಮೂರು ಅಂಕೆ, ಅದರ ಹಿಂದೆ ಎರಡೆರಡು ಅಂಕೆ ಬರುವಂತೆ ##\,##\,##\,##0 ಎಂದು ಬರೆದರು. ಎರಡು ಕೋಟಿ ‘2,00,00,000’ ಎಂದು ಚೆಂದವಾಗಿ ಬಂತು. ಆದರೆ ಐವತ್ತು ಸಾವಿರ ‘,,50,000’ ಆಯಿತು, ಸೊನ್ನೆ ‘,,,0’ ಆಯಿತು. ಹಿಂದೆ ಓರೆ ಗೆರೆ ಹಾಕಿದ ಅಲ್ಪವಿರಾಮ ಬರಿಯ ಅಕ್ಷರವಾಗುತ್ತದೆ. ಪಕ್ಕದಲ್ಲಿ ಅಂಕೆ ಇರಲಿ ಬಿಡಲಿ, ಅದು ಅಚ್ಚಾಗಿಯೇ ತೀರುತ್ತದೆ.

ಮೂರನೆಯದು ಡೈನಾಮಿಕ್ ಫಾರ್ಮ್ಯಾಟ್ ಸ್ಟ್ರಿಂಗ್, ಅಂದರೆ ಮೌಲ್ಯ ಕೋಟಿ ದಾಟಿದರೆ ಒಂದು ರೂಪ, ಲಕ್ಷ ದಾಟಿದರೆ ಇನ್ನೊಂದು ರೂಪ ಎಂದು ಸೂತ್ರದಿಂದ ಹೇಳುವುದು. ಕಂಬದ ತಲೆಯ ಮೇಲಿನ ಡೇಟಾ ಲೇಬಲ್‌ಗಳು ಸರಿಹೋದವು. ಅಕ್ಷದ ಸಂಖ್ಯೆಗಳು ಸರಿಹೋಗಲಿಲ್ಲ, ಕೆಳಗಿನ ಗೆರೆಗಳಲ್ಲಿ ಅದೇ ಅನಾಥ ಅಲ್ಪವಿರಾಮಗಳು ಉಳಿದವು. ಡೇಟಾ ಲೇಬಲ್ ಎಂಬುದು ಮಾಡೆಲ್ (ವರದಿಯ ಹಿಂದಿರುವ ಕೋಷ್ಟಕ, ಸೂತ್ರಗಳ ಜೋಡಣೆ) ಲೆಕ್ಕ ಹಾಕಿ ಕೊಟ್ಟ ಒಂದು ಮೌಲ್ಯ. ಅಕ್ಷದ ಮೇಲಿನ 5 ಲಕ್ಷ, 10 ಲಕ್ಷ ಚಾರ್ಟು ತಾನೇ ಎಳೆದ ಗೆರೆಗಳು. ಅವು ಯಾವ ತಿಂಗಳಿಗೂ, ಯಾವ ಸಂಘಕ್ಕೂ ಸೇರಿದವಲ್ಲ, ಆದ್ದರಿಂದ ಗೆರೆಗೊಂದರಂತೆ ಸೂತ್ರ ಓಡುವುದಿಲ್ಲ.

ಭಾಗಿಸಿಬಿಡಿ

ಇಲ್ಲಿಂದ ದಾರಿ ತಿರುಗಿತು. ಅಲಂಕಾರದಿಂದ ಆಗದ್ದನ್ನು ಲೆಕ್ಕದಿಂದ ಮಾಡಿದರು. ಮೂಲ ಮೆಷರ್ ‘ಒಟ್ಟು ಹಾಲು’ ಹಾಗೇ ಉಳಿಯಿತು. ಅದರಿಂದ ಎರಡು ಹೊಸ ಮೆಷರ್ ಹುಟ್ಟಿದವು: 1,00,000ದಿಂದ ಭಾಗಿಸಿದ ‘ಹಾಲು, ಲಕ್ಷ ಕೆಜಿ’ ಮತ್ತು 1,00,00,000ದಿಂದ ಭಾಗಿಸಿದ ‘ಹಾಲು, ಕೋಟಿ ಕೆಜಿ’. ದಿನದ ಸರಾಸರಿಗೆ ಮೊದಲನೆಯದು, ತಿಂಗಳ ಮೊತ್ತಕ್ಕೆ ಎರಡನೆಯದು. ಒಂದು ಚಾರ್ಟಿಗೆ ಒಂದೇ ಅಳತೆ.

ಭಾಗಿಸಿದ ಮೇಲೆ ಎರಡು ಕಡೆ ಕೈ ಹಾಕಲೇಬೇಕು. ‘ಡಿಸ್‌ಪ್ಲೇ ಯೂನಿಟ್ಸ್’ ಅನ್ನು ‘ಆಟೊ’ದಿಂದ ‘ನನ್’ಗೆ (ಯಾವುದೂ ಬೇಡ) ಬದಲಿಸದಿದ್ದರೆ, ವರ್ಷದ ಮೊತ್ತ ಸಾವಿರ ಲಕ್ಷ ದಾಟಿದ ದಿನ ‘1ಕೆ’ ಮತ್ತೆ ತಲೆ ಎತ್ತುತ್ತದೆ. ದಶಮಾಂಶ ಸ್ಥಾನವನ್ನೂ ಕೈಯಾರೆ ಕೊಡಬೇಕು. ಕೋಟಿಯ ಅಕ್ಷದಲ್ಲಿ ಗೆರೆಗಳು ಅರ್ಧರ್ಧಕ್ಕೆ ಬೀಳುವುದರಿಂದ ಒಂದು ಸ್ಥಾನ ಬೇಕು. ಸೊನ್ನೆ ಸ್ಥಾನ ಕೊಟ್ಟರೆ ದುಂಡಗಾಗಿ ಒಂದೇ ಸಂಖ್ಯೆ ಎರಡೆರಡು ಸಲ ಬರುತ್ತದೆ.

ಪ್ರತಿ ಗೆರೆಯ ಮುಂದೆಯೂ ‘ಲಕ್ಷ’ ಎಂದು ಬರೆಸಲು ಕಸ್ಟಮ್ ಫಾರ್ಮ್ಯಾಟಿನಲ್ಲಿ 0.0" ಲಕ್ಷ" ಎಂದು ಕೊಟ್ಟರೆ ಸಾಕು. ಅದು ಕೆಲಸ ಮಾಡಿತು. ಆದರೂ ಬೇಡವೆಂದು ತೀರ್ಮಾನಿಸಿದರು, ಆರು ಗೆರೆಗೆ ಆರು ‘ಲಕ್ಷ’ ಕಣ್ಣಿಗೆ ಭಾರ. ಅಳತೆಯನ್ನು ಅಕ್ಷದ ಶೀರ್ಷಿಕೆಗೆ ಒಂದೇ ಸಲ ಹಾಕಿದರು: ‘ದಿನದ ಸರಾಸರಿ ಶೇಖರಣೆ (ಲಕ್ಷ ಕೆಜಿ)’. ಪೂರ್ತಿ ಸಂಖ್ಯೆ ಬೇಕಾದವರಿಗೆ ಭಾಗಿಸದ ಮೂಲ ಮೆಷರನ್ನು, ಮೌಸ್ ಇಟ್ಟಾಗ ಕಾಣುವ ಟೂಲ್‌ಟಿಪ್‌ಗೆ ಸೇರಿಸಿದರು.

ಶೀರ್ಷಿಕೆ ಬರೆಯಲು ಕುಳಿತಾಗಲೇ ಇನ್ನೊಂದು ಹುಳುಕು ಹೊರಬಿತ್ತು. ಕೆಜಿ ಎಂದು ಬರೆಯಬೇಕೋ, ಲೀಟರ್ ಎಂದೋ? ಸಂಘದಲ್ಲಿ ರೈತರಿಂದ ಹಾಲು ಹಾಕಿಸಿಕೊಳ್ಳುವುದು ಲೀಟರ್ ಲೆಕ್ಕದಲ್ಲಿ. ಶೀತಲೀಕರಣ ಕೇಂದ್ರದಲ್ಲಿ ಬರೆದುಕೊಳ್ಳುವುದು ತೂಕ. ಒಂದು ಲೀಟರ್ ಹಾಲು ಸುಮಾರು 1.03 ಕೆಜಿ ತೂಗುತ್ತದೆ. ಮೊದಲ ಪುಟದ ಅಂಕಿ ಕೇಂದ್ರಗಳಿಂದ ಬಂದದ್ದು, ಎರಡನೇ ಪುಟದ್ದು ಸಂಘಗಳಿಂದ ಬಂದದ್ದು. ಎರಡೂ ‘ಸಮ್ ಆಫ್ ಕ್ಯೂಟಿವೈ’ ಎಂಬ ಒಂದೇ ಮುಸುಕು ಹೊದ್ದಿದ್ದರಿಂದ ಮೂರು ಪ್ರತಿಶತದ ಈ ಅಂತರ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಸಂಘದ ಲೀಟರನ್ನು 1.03ರಿಂದ ಗುಣಿಸಿ ಎಲ್ಲವನ್ನೂ ಕೆಜಿಗೆ ತಂದರು. ಶೀರ್ಷಿಕೆಯಲ್ಲಿ ಅಳತೆ ಬರೆಯಲೇಬೇಕು ಎಂಬ ಹಟ ಇಲ್ಲದಿದ್ದರೆ ಇದು ಇನ್ನೂ ಹಾಗೇ ಇರುತ್ತಿತ್ತು.

ತಿಂಗಳುಗಳು

ಚಾರ್ಟಿನ ಮೇಲಿನ ಮೂರು ಚುಕ್ಕಿ ಒತ್ತಿ, ‘ಸಾರ್ಟ್ ಆಕ್ಸಿಸ್’ನಲ್ಲಿ ತಿಂಗಳ ಹೆಸರನ್ನು ಆರಿಸಿ ಏರಿಕೆ ಕ್ರಮ ಕೊಟ್ಟರೆ ಮೆಟ್ಟಿಲು ಹೋಯಿತು, ವರ್ಣಮಾಲೆ ಬಂತು: ಅಕ್ಟೋಬರ್, ಆಗಸ್ಟ್, ಏಪ್ರಿಲ್, ಜನವರಿ, ಜುಲೈ, ಜೂನ್... ಮುಂಗಾರಿನ ನಂತರ ಹಸಿಮೇವು ಬಂದು ಹಾಲು ಏರುವುದು, ಬೇಸಿಗೆಯಲ್ಲಿ ಇಳಿಯುವುದು, ಡೈರಿಯವರಿಗೆ ಗೊತ್ತಿರುವ ಈ ಏರಿಳಿತ ಗರಗಸದ ಹಲ್ಲಿನಂತೆ ಚೂರುಚೂರಾಯಿತು.

ಪರಿಹಾರ ‘ಕಾಲಮ್ ಟೂಲ್ಸ್’ನ ‘ಸಾರ್ಟ್ ಬೈ ಕಾಲಮ್’ನಲ್ಲಿದೆ: ತೋರಿಸುವ ಕಾಲಮ್ ಒಂದು, ಕ್ರಮ ಹೇಳುವ ಕಾಲಮ್ ಇನ್ನೊಂದು. ಎರಡು ವರ್ಷ ಸಾಲಾಗಿ ತೋರಿಸುವ ಚಾರ್ಟಿಗೆ ‘ಏಪ್ರಿ 24’ ಎಂಬ ಲೇಬಲ್, ಅದರ ಕ್ರಮಕ್ಕೆ 202404 ಎಂಬ ಸಂಖ್ಯೆ. ಎರಡು ಹಣಕಾಸು ವರ್ಷಗಳನ್ನು ಒಂದರ ಮೇಲೊಂದು ಹೋಲಿಸುವ ಗೆರೆ ಚಾರ್ಟಿಗೆ ವರ್ಷವಿಲ್ಲದ ‘ಏಪ್ರಿ’, ಅದರ ಕ್ರಮಕ್ಕೆ ಏಪ್ರಿಲ್ 1, ಮಾರ್ಚ್ 12 ಆಗುವ ಸಂಖ್ಯೆ. ತಿಂಗಳ ಸಂಖ್ಯೆಗೆ 8 ಕೂಡಿಸಿ, 12ರಿಂದ ಭಾಗಿಸಿದಾಗ ಉಳಿಯುವ ಶೇಷಕ್ಕೆ 1 ಸೇರಿಸಿದರೆ ಅದು ಸಿಗುತ್ತದೆ. ಈ ಎರಡನ್ನು ಬೆರೆಸಬಾರದು. ‘ಏಪ್ರಿ’ಯನ್ನು 202404ರಿಂದ ಜೋಡಿಸಲು ಹೋದರೆ, ಅದೇ ಏಪ್ರಿಗೆ 202304 ಕೂಡ ಇರುವುದರಿಂದ ಪವರ್ ಬಿಐ ಒಪ್ಪುವುದಿಲ್ಲ. ಇಷ್ಟು ಮಾಡಿದರೂ ಹಳೆಯ ಚಾರ್ಟು ಮೌಲ್ಯದ ಕ್ರಮವನ್ನೇ ಹಿಡಿದುಕೊಂಡಿರಬಹುದು. ಮೂರು ಚುಕ್ಕಿಯ ಪಟ್ಟಿಗೆ ಮತ್ತೊಮ್ಮೆ ಹೋಗಿ ಬರಬೇಕು.

ತಿಂಗಳ ಹೆಸರನ್ನು ಚಿಕ್ಕದು ಮಾಡುವಲ್ಲಿ ಕನ್ನಡಕ್ಕೇ ಸೇರಿದ ಒಂದು ಗುಂಡಿ ಇತ್ತು. ಇಂಗ್ಲಿಷಿನ ಅಭ್ಯಾಸದಂತೆ ‘ಲೆಫ್ಟ್’ ಫಂಕ್ಷನ್ ಬಳಸಿ ಮೊದಲ ಮೂರು ಅಕ್ಷರ ತೆಗೆದರು. ಬಂದದ್ದು ‘ಮಾರ’, ‘ಜೂನ’, ‘ಜುಲ’, ‘ಫೆಬ’, ‘ಡಿಸ’, ‘ಅಕ್’. ಆ ಫಂಕ್ಷನ್ ಎಣಿಸುವುದು ನಾವು ಓದುವ ಅಕ್ಷರವನ್ನಲ್ಲ, ಯೂನಿಕೋಡ್ ಸಂಕೇತವನ್ನು. ‘ಮಾರ್ಚ್’ನಲ್ಲಿ ಮ ಒಂದು, ದೀರ್ಘದ ಗುಣಿತ ಇನ್ನೊಂದು, ರ ಮೂರನೆಯದು. ಕತ್ತರಿ ಅಲ್ಲಿಗೆ ಬೀಳುತ್ತದೆ. ಸೂತ್ರದ ಸಹವಾಸ ಬಿಟ್ಟು ಹನ್ನೆರಡು ಸಾಲಿನ ಪುಟ್ಟ ಕೋಷ್ಟಕವನ್ನು ಕೈಯಲ್ಲೇ ಬರೆದರು: ಜನ, ಫೆಬ್ರ, ಮಾರ್ಚ್, ಏಪ್ರಿ, ಮೇ, ಜೂನ್, ಜುಲೈ, ಆಗ, ಸೆಪ್ಟೆಂ, ಅಕ್ಟೋ, ನವೆಂ, ಡಿಸೆಂ. ಹನ್ನೆರಡೇ ಹೆಸರಿಗೆ ಇದಕ್ಕಿಂತ ಜಾಣತನ ಬೇಕಿಲ್ಲ.

ಮೂರು ಹೊಸಹಳ್ಳಿ

ಪ್ರಕರಣದ ಅತಿ ದುಬಾರಿ ತಪ್ಪು ಅತಿ ಚಿಕ್ಕ ಕೆಲಸದಿಂದ ಬಂತು. ಸಂಘದ ಹೆಸರಿನಿಂದ ‘ಹಾಲು ಉತ್ಪಾದಕರ ಸಹಕಾರ ಸಂಘ ನಿಯಮಿತ’ವನ್ನು ಪವರ್ ಕ್ವೆರಿಯ (ಪವರ್ ಬಿಐನಲ್ಲಿ ಡೇಟಾ ಹದಗೊಳಿಸುವ ಭಾಗ) ‘ರಿಪ್ಲೇಸ್ ವ್ಯಾಲ್ಯೂಸ್’ ಮೂಲಕ ತೆಗೆದು, ಊರ ಹೆಸರನ್ನಷ್ಟೇ ಉಳಿಸಿದರು. ಚಾರ್ಟು ಒಮ್ಮೆಲೇ ಹಗುರಾಯಿತು. ಆಮೇಲೆ ಈ ಚಿಕ್ಕ ಹೆಸರನ್ನು ಸಂಘದ ಸಂಕೇತ ಸಂಖ್ಯೆಯ ಕ್ರಮದಲ್ಲಿ ಜೋಡಿಸಲು ‘ಸಾರ್ಟ್ ಬೈ ಕಾಲಮ್’ ಕೊಟ್ಟಾಗ ದೋಷ ಸೂಚನೆ ಬಂತು: ಒಂದೇ ಹೆಸರಿಗೆ ಒಂದಕ್ಕಿಂತ ಹೆಚ್ಚು ಸಂಕೇತಗಳಿವೆ. ಚಾರ್ಟು ಹೇಗೂ ಹಾಲಿನ ಪ್ರಮಾಣದ ಕ್ರಮದಲ್ಲೇ ಇರುತ್ತದೆ, ಸಂಕೇತದ ಕ್ರಮ ಯಾಕೆ ಎಂದು ಆ ಹೆಜ್ಜೆಯನ್ನೇ ಕೈಬಿಟ್ಟರು. ಸೂಚನೆಯ ಪೆಟ್ಟಿಗೆ ಮುಚ್ಚಿತು.

ಮುಂದಿನ ತಿಂಗಳು ‘ಹೊಸಹಳ್ಳಿ’ ಮೂರನೇ ಸ್ಥಾನದಲ್ಲಿತ್ತು. ವಾರ್ಷಿಕ ಸಭೆಯಲ್ಲಿ ಸನ್ಮಾನಿಸುವ ಸಂಘಗಳ ಕರಡು ಪಟ್ಟಿಗೂ ಹೋಯಿತು. ಆ ಭಾಗದ ವಿಸ್ತರಣಾಧಿಕಾರಿ ಹಾಳೆ ನೋಡಿ, ‘ಸಾರ್, ನಮ್ಮ ಹೊಸಹಳ್ಳಿಯೋರು ಇಷ್ಟು ಹಾಲು ಹಾಕಲ್ಲ. ಅಷ್ಟು ಹಸುನೇ ಇಲ್ಲ ಅಲ್ಲಿ’ ಎಂದರು.

ಹೊಸಹಳ್ಳಿ ಒಂದಲ್ಲ, ಮೂರು ತಾಲ್ಲೂಕಿನಲ್ಲಿ ಮೂರಿದ್ದವು. ಚಾರ್ಟಿಗೆ ಅಕ್ಷದ ಮೇಲಿನ ಹೆಸರೇ ಗುಂಪು ಕಟ್ಟುವ ಕೀಲಿ. ಹೆಸರು ಒಂದಾದರೆ ಕಂಬವೂ ಒಂದು, ಹಾಲೂ ಒಟ್ಟು. ಮೊದಲ 15 ಆಯುವ ‘ಟಾಪ್ ಎನ್’ ಫಿಲ್ಟರನ್ನೂ ಅದೇ ಹೆಸರಿನ ಮೇಲೆ ಹಾಕಿದ್ದರಿಂದ, ಮೂರು ಸಾಧಾರಣ ಸಂಘಗಳು ಸೇರಿ ಒಂದು ದೈತ್ಯ ಸಂಘವಾಗಿ ಪಟ್ಟಿಯೊಳಗೆ ನುಗ್ಗಿತ್ತು. ಅರ್ಹವಾಗಿದ್ದ ಒಂದು ಸಂಘ ಹದಿನಾರನೆಯದಾಗಿ ಹೊರಗೆ ಬಿದ್ದಿತ್ತು. ಹೊಸೂರು, ರಾಂಪುರ, ಬಸವನಹಳ್ಳಿಗಳಲ್ಲೂ ಇದೇ ಆಗಿತ್ತು. ನಮ್ಮ ಯಾವ ಜಿಲ್ಲೆಯ ಪಟ್ಟಿಯನ್ನು ತೆಗೆದುಕೊಂಡರೂ ಇಂಥ ಹೆಸರುಗಳು ಮರುಕಳಿಸದೆ ಇರುವುದಿಲ್ಲ. ಮುಚ್ಚಿಹಾಕಿದ ಆ ದೋಷ ಸೂಚನೆ ಹೇಳಿದ್ದು ನಿಖರವಾಗಿ ಇದನ್ನೇ.

ಸರಿಪಡಿಸಲು ಮೂರು ಸಲಹೆ ಬಂದವು. ಹೆಸರಿನ ಕೊನೆಗೆ ಕಣ್ಣಿಗೆ ಕಾಣದ ಶೂನ್ಯ ಅಗಲದ ಅಕ್ಷರ ಸೇರಿಸಿ ಭಿನ್ನ ಮಾಡುವುದು ಒಂದು. ಕಂಬಗಳು ಬೇರೆಯಾಗುತ್ತವೆ, ಆದರೆ ಫಿಲ್ಟರ್ ಪಟ್ಟಿಯಲ್ಲಿ ಮೂರು ‘ಹೊಸಹಳ್ಳಿ’ ಸಾಲಾಗಿ ನಿಂತು ಯಾವುದು ಯಾವುದೆಂದು ತಿಳಿಯುವುದಿಲ್ಲ. ಅದನ್ನು ತಳ್ಳಿಹಾಕಿದ್ದು ಸರಿ. ಎಲ್ಲ ಹೆಸರಿನ ಮುಂದೆಯೂ ಸಂಕೇತ ಸಂಖ್ಯೆ ಹಾಕುವುದು ಇನ್ನೊಂದು. ಲೆಕ್ಕದವರಿಗೆ ಹಿತ, ನಿರ್ದೇಶಕರಿಗೆ ಕಿರಿಕಿರಿ. ಕೊನೆಗೆ ಒಪ್ಪಿದ್ದು ಮೂರನೆಯದನ್ನು: ಮರುಕಳಿಸುವ ಹೆಸರುಗಳಿಗೆ ಮಾತ್ರ ತಾಲ್ಲೂಕಿನ ಹೆಸರು ಜೋಡಿಸಿ, ಉಳಿದವನ್ನು ಹಾಗೇ ಬಿಡುವುದು. ಒಂದೇ ತಾಲ್ಲೂಕಿನಲ್ಲಿ ಎರಡಿದ್ದಲ್ಲಿ ಹೋಬಳಿಯ ಹೆಸರು. ಈ ‘ಲೇಬಲ್’ ಕಾಲಮನ್ನು ಸೂತ್ರದಿಂದ ಹುಟ್ಟಿಸದೆ, ಶೇಖರಣಾ ವಿಭಾಗದವರು ತುಂಬುವ ಹಾಳೆಯಾಗಿ ಇಟ್ಟರು. ಊರನ್ನು ಜನ ಏನೆಂದು ಕರೆಯುತ್ತಾರೆ ಎಂಬುದು ಅವರಿಗೆ ಗೊತ್ತು, ಸೂತ್ರಕ್ಕೆ ಗೊತ್ತಿಲ್ಲ. ಆಮೇಲೆ ‘ಸಾರ್ಟ್ ಬೈ ಕಾಲಮ್’ನಲ್ಲಿ ಸಂಕೇತವನ್ನು ಬೇಕೆಂದೇ ಕೊಟ್ಟಿಟ್ಟರು, ಕ್ರಮಕ್ಕಾಗಿ ಅಲ್ಲ, ಕಾವಲಿಗಾಗಿ.

ಫ್ಯಾಟ್ ಪುಟದ ಚಿಕ್ಕ ಪಾಠ

ಗೆರೆ ಚಾರ್ಟಿನ ಅಕ್ಷದಲ್ಲಿ 4, 4, 4, 4 ಎಂದು ಬಂದಿತ್ತು. ಗೆರೆಗಳು 0.2ರ ಅಂತರದಲ್ಲಿದ್ದವು, ದಶಮಾಂಶ ಸೊನ್ನೆಗೆ ಹೊಂದಿಸಿತ್ತು. ಒಂದು ಸ್ಥಾನ ಕೊಟ್ಟಾಗ ಸರಿಹೋಯಿತು. ಆಮೇಲೆ ಹಸುವಿನ ಹಾಲನ್ನಷ್ಟೇ ಮನಸ್ಸಿನಲ್ಲಿಟ್ಟು ಅಕ್ಷವನ್ನು 3ರಿಂದ 5ಕ್ಕೆ ಬಿಗಿದರು. ಎಮ್ಮೆ ಹಾಲು ಹೆಚ್ಚಿರುವ ತಾಲ್ಲೂಕನ್ನು ಆರಿಸಿದ ದಿನ ಗೆರೆ ಮೇಲಿನಿಂದ ಹೊರಗೆ ಹೋಗಿ ಚಾರ್ಟು ಖಾಲಿ ಕಂಡಿತು. ಈಗ ಕನಿಷ್ಠ ಮಾತ್ರ 3 ಎಂದಿದೆ, ಗರಿಷ್ಠ ‘ಆಟೊ’. ಕಂಬ ಚಾರ್ಟುಗಳಲ್ಲಿ ಮಾತ್ರ ಸೊನ್ನೆ ಬಿಟ್ಟು ಬೇರೆಡೆಯಿಂದ ಅಕ್ಷ ಶುರು ಮಾಡುವುದಕ್ಕೆ ಯಾರಿಗೂ ಅವಕಾಶವಿಲ್ಲ. ಕಂಬದ ಉದ್ದವೇ ಅದರ ಮಾತು, ಬುಡ ಕತ್ತರಿಸಿದರೆ ಶೇಕಡಾ ಎರಡರ ವ್ಯತ್ಯಾಸವೂ ದುಪ್ಪಟ್ಟಿನಂತೆ ಕಾಣುತ್ತದೆ.

ಈಗಿನ ಸ್ಥಿತಿ

ಸನ್ಮಾನದ ಪಟ್ಟಿಯನ್ನು ಸಭೆಗೆ ಮುನ್ನ ತಿದ್ದಲಾಯಿತು. ಸಭೆಯಲ್ಲಿ ಈಗ ಹಾಲಿನ ಏರಿಳಿತದ ಮಾತು ನಡೆಯುತ್ತದೆ, ‘ಕೆ’ ಅಂದರೇನು ಎಂಬ ಮಾತು ನಡೆಯುವುದಿಲ್ಲ. ಅಕ್ಷರದ ಗಾತ್ರ 11 ಪಾಯಿಂಟ್. ಹಾಳೆಗೆ ಕಳಿಸುವ ಮುನ್ನ ಒಂದು ಪ್ರತಿ ಕಪ್ಪು ಬಿಳುಪಿನಲ್ಲಿ ಅಚ್ಚು ಹಾಕಿ, ಕೈಯಳತೆಯ ದೂರದಲ್ಲಿಟ್ಟು ಓದಿ ನೋಡುವುದು ರೂಢಿಯಾಗಿದೆ.

ಮಾಡಿದ ಬದಲಾವಣೆಗಳನ್ನು ಎಣಿಸಿದರೆ ಫಾರ್ಮ್ಯಾಟ್ ಪೇನ್‌ನಲ್ಲಿ ಉಳಿದವು ನಾಲ್ಕೈದೇ: ಯೂನಿಟ್, ದಶಮಾಂಶ, ಶೀರ್ಷಿಕೆ, ಗಾತ್ರ, ಕನಿಷ್ಠ ಮಿತಿ. ಉಳಿದದ್ದೆಲ್ಲ ಮಾಡೆಲ್‌ನಲ್ಲಿ ಕೂತಿದೆ: ಭಾಗಿಸಿದ ಮೆಷರ್, ತಿಂಗಳ ಕೋಷ್ಟಕ, ಲೇಬಲ್ ಹಾಳೆ. ಹಾಗಾಗಿಯೇ ಆಮೇಲೆ ಸೇರಿಸಿದ ನಾಲ್ಕನೇ ಪುಟಕ್ಕೆ ಯಾವ ಲೇಬಲ್ಲನ್ನೂ ಹೊಸದಾಗಿ ತಿದ್ದಬೇಕಾಗಲಿಲ್ಲ.

ಒಂದು ತೊಡಕು ಮಾತ್ರ ಉಳಿದಿದೆ. ಹೊಸ ಸಂಘ ನೋಂದಣಿಯಾದಾಗ ಲೇಬಲ್ ಹಾಳೆ ತುಂಬುವುದು ಒಂದೆರಡು ವಾರ ತಡವಾಗುತ್ತದೆ. ಅಷ್ಟು ದಿನ ಆ ಸಂಘದ ಹಾಲು ಹೆಸರಿಲ್ಲದ ಖಾಲಿ ಲೇಬಲ್ಲಿನಡಿ ಬೀಳುತ್ತದೆ, ಎರಡು ಹೊಸ ಸಂಘಗಳಿದ್ದರೆ ಎರಡೂ ಅಲ್ಲೇ ಕೂಡಿಕೊಳ್ಳುತ್ತವೆ. ಅದಕ್ಕೆಂದು ವರದಿಯ ಕೊನೆಯ, ಅಚ್ಚಿಗೆ ಹೋಗದ ಪುಟದಲ್ಲಿ ಎರಡು ಕಾರ್ಡ್ ಇಟ್ಟಿದ್ದಾರೆ. ಲೇಬಲ್ ಇಲ್ಲದ ಸಂಘಗಳೆಷ್ಟು ಎಂಬುದು ಒಂದು, ಒಂದಕ್ಕಿಂತ ಹೆಚ್ಚು ಸಂಕೇತಗಳಿರುವ ಲೇಬಲ್ಲುಗಳೆಷ್ಟು ಎಂಬುದು ಇನ್ನೊಂದು. ಎರಡೂ ಸೊನ್ನೆ ತೋರಿಸುವವರೆಗೆ ಹಾಳೆ ಪ್ರಿಂಟರಿಗೆ ಹೋಗುವುದಿಲ್ಲ.